ಯಾರದೂ ತಪ್ಪಿಲ್ಲದೆ ಎಲ್ಲವೂ ನಿಂತಾಗ

ಶಿವಮೊಗ್ಗದಿಂದ ಹೊರಟ ರೈಲು ಹೊಸನಗರ ತಾಲ್ಲೂಕಿನ ಅರಸಾಳು, ಸಾಗರ ತಾಲ್ಲೂಕಿನ ಆನಂದಪುರ, ಸಾಗರ ಜಂಬಗಾರು ದಾಟಿ ತಾಳಗುಪ್ಪ ಸೇರುತ್ತದೆ. ಇದು ಒಂಟಿ ಹಳಿಯ ಮಾರ್ಗ. ಎದುರುಬದುರು ಬರುವ ರೈಲುಗಳು ಒಂದನ್ನೊಂದು ದಾಟಬೇಕಾದರೆ ನಿಲ್ದಾಣದಲ್ಲಿ, ಪಕ್ಕಕ್ಕೆ ಕವಲೊಡೆದ ಲೂಪ್ ಲೈನಿನಲ್ಲಿ ಮಾತ್ರ ಸಾಧ್ಯ. ಇಂಥ ಮಾರ್ಗಕ್ಕೆ ಎರಡು ಭಯ: ಒಂದು ಡಿಕ್ಕಿ, ಇನ್ನೊಂದು ಡೆಡ್‌ಲಾಕ್, ಅಂದರೆ ಒಬ್ಬರಿಗಾಗಿ ಒಬ್ಬರು ಕಾಯುತ್ತ ಎಲ್ಲರೂ ನಿಂತುಬಿಡುವುದು.

ಡಿಕ್ಕಿ ತಪ್ಪಿಸಲು ಭಾರತದ ಒಂಟಿ ಹಳಿಗಳಲ್ಲಿ ದಶಕಗಳ ಕಾಲ ದುಡಿದದ್ದು ನೀಲ್ಸ್ ಬಾಲ್ ಟೋಕನ್ ಯಂತ್ರ. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರ, ನಡುವೆ ತಂತಿಯ ಸಂಪರ್ಕ, ಒಳಗೆ ಉಕ್ಕಿನ ಗುಂಡುಗಳು. ಆಚೆಯ ಸ್ಟೇಷನ್ ಮಾಸ್ಟರ್ ಒಪ್ಪಿ ವಿದ್ಯುತ್ ಸಂಕೇತ ಕಳಿಸಿದರಷ್ಟೇ ಈಚೆಯ ಯಂತ್ರ ಒಂದು ಗುಂಡು ಕೊಡುತ್ತದೆ. ಅದು ಹೊರಬಂದ ಕೂಡಲೇ ಎರಡೂ ಯಂತ್ರಗಳಿಗೆ ಬೀಗ ಬೀಳುತ್ತದೆ. ದೊಡ್ಡ ಬಳೆಗೆ ಕಟ್ಟಿದ ಚೀಲದಲ್ಲಿ ಗುಂಡು ಚಾಲಕನ ಕೈಸೇರುತ್ತದೆ. ಆಚೆಯ ಯಂತ್ರಕ್ಕೆ ಅದನ್ನು ಹಾಕುವವರೆಗೆ ಎರಡನೆಯ ಗುಂಡು ಸಿಗದು, ಎರಡನೆಯ ರೈಲು ಹೊರಡದು.

ಆದರೆ ಡೆಡ್‌ಲಾಕನ್ನು ಈ ಗುಂಡು ತಡೆಯಲಾರದು. ಅರಸಾಳು, ಆನಂದಪುರ ಎರಡರಲ್ಲೂ ತಲಾ ಎರಡು ಹಳಿ ಇವೆ ಎಂದುಕೊಳ್ಳಿ. ಅರಸಾಳಿನ ಎರಡರಲ್ಲೂ ಸಾಗರದತ್ತ ಹೊರಟ ರೈಲುಗಳು. ಆನಂದಪುರದ ಎರಡರಲ್ಲೂ ಶಿವಮೊಗ್ಗದತ್ತ ಹೊರಟವು. ನಡುವಿನ ದಾರಿ ಖಾಲಿ, ಚಾಲಕರು ಸಿದ್ಧ, ಯಂತ್ರಗಳೂ ಸರಿಯಾಗಿವೆ. ಆದರೂ ಯಾವ ರೈಲೂ ಕದಲುವಂತಿಲ್ಲ, ಏಕೆಂದರೆ ಹೋಗಿ ನಿಲ್ಲಲು ಜಾಗವಿಲ್ಲ. ಹಿಂದೆ ಸರಿಸದೆ ಈ ಗಂಟು ಬಿಚ್ಚದು. ಇದನ್ನು ತಡೆಯುವವರು ರೈಲು ಸಂಚಾರ ನಿಯಂತ್ರಿಸುವ ಕಂಟ್ರೋಲರ್: ಮುಂದಿನ ನಿಲ್ದಾಣದಲ್ಲಿ ರೈಲುಗಳು ದಾಟಲು ಒಂದು ಹಳಿ ಉಳಿಯುತ್ತದೆಯೇ ಎಂದು ಲೆಕ್ಕಹಾಕಿಯೇ ಅವರು ರೈಲು ಬಿಡುತ್ತಾರೆ.

ಕಂಪ್ಯೂಟರ್ ವಿಜ್ಞಾನಿಗಳಿಗೂ ಇದೇ ಗಂಟು ಎದುರಾಯಿತು. 1971ರಲ್ಲಿ ಕಾಫ್‌ಮನ್, ಎಲ್ಫಿಕ್ ಮತ್ತು ಶೋಶಾನಿ ಡೆಡ್‌ಲಾಕ್ ಹುಟ್ಟಲು ಬೇಕಾದ ನಾಲ್ಕು ಷರತ್ತುಗಳನ್ನು ಬಿಡಿಸಿಟ್ಟರು. ಒಂದು ಜಾಗ ಒಂದು ಹೊತ್ತಿಗೆ ಒಬ್ಬರಿಗೇ ಸೇರಿರಬೇಕು. ಹಿಡಿದದ್ದನ್ನು ಬಿಡದೆ ಇನ್ನೊಂದಕ್ಕೆ ಕಾಯಬೇಕು. ಹಿಡಿದದ್ದನ್ನು ಬೇರೆಯವರು ಕಸಿಯುವಂತಿರಬಾರದು. ಇವನು ಅವನಿಗಾಗಿ, ಅವನು ಇವನಿಗಾಗಿ ಕಾಯುವ ಸುತ್ತು ಪೂರ್ತಿಯಾಗಬೇಕು. ನಾಲ್ಕರಲ್ಲಿ ಒಂದನ್ನು ಮುರಿದರೂ ಡೆಡ್‌ಲಾಕ್ ಹುಟ್ಟುವುದಿಲ್ಲ.

ಬ್ಯಾಂಕಿನ ಕಂಪ್ಯೂಟರ್ ನೋಡಿ. ಸಾಗರದ ಖಾತೆಯಿಂದ ತೀರ್ಥಹಳ್ಳಿಯ ಖಾತೆಗೆ ಹಣ ಹೊರಟ ಕ್ಷಣದಲ್ಲೇ ತೀರ್ಥಹಳ್ಳಿಯಿಂದ ಸಾಗರಕ್ಕೂ ಹಣ ಹೊರಡಬಹುದು. ಲೆಕ್ಕ ತಪ್ಪದಿರಲು ಪ್ರತಿ ವ್ಯವಹಾರವೂ ಎರಡೂ ಖಾತೆಗಳಿಗೆ ಬೀಗ ಹಾಕಬೇಕು. ತಂತಮ್ಮ ಖಾತೆಗೆ ಮೊದಲು ಬೀಗ ಹಾಕಿ ಇನ್ನೊಂದಕ್ಕೆ ಕಾಯತೊಡಗಿದರೆ ಸುತ್ತು ಪೂರ್ತಿಯಾಯಿತು. ಪರಿಹಾರ ಸರಳ: ಯಾರೇ ಆಗಲಿ, ಚಿಕ್ಕ ಸಂಖ್ಯೆಯ ಖಾತೆಗೇ ಮೊದಲು ಬೀಗ ಹಾಕಬೇಕು. ಆಗ ಸುತ್ತು ಕೂಡುವುದೇ ಇಲ್ಲ. ಗಂಟು ಬಿದ್ದೇಬಿಟ್ಟರೆ ಡೇಟಾಬೇಸ್ ಒಂದು ವ್ಯವಹಾರವನ್ನು ರದ್ದುಮಾಡಿ, ಇನ್ನೊಂದನ್ನು ಮುಗಿಸುತ್ತದೆ.

ಸಂಸತ್ತಿಗೂ ಈ ಗಂಟು ಹೊಸದಲ್ಲ. ಮಸೂದೆಯೊಂದರ ಬಗ್ಗೆ ಲೋಕಸಭೆ, ರಾಜ್ಯಸಭೆ ಒಮ್ಮತಕ್ಕೆ ಬಾರದಿದ್ದರೆ ಸಂವಿಧಾನದ 108ನೇ ವಿಧಿ ಜಂಟಿ ಅಧಿವೇಶನದ ದಾರಿ ತೋರಿಸುತ್ತದೆ. 1961, 1978, 2002ರಲ್ಲಿ ಹಾಗೆ ಸೇರಿಯೇ ಮಸೂದೆಗಳು ಅಂಗೀಕಾರವಾದವು. ಕರ್ನಾಟಕದಂತೆ ಎರಡು ಸದನಗಳಿರುವ ರಾಜ್ಯಗಳಲ್ಲಿ 197ನೇ ವಿಧಿಯ ಪ್ರಕಾರ ವಿಧಾನ ಪರಿಷತ್ತು ಮಸೂದೆಯನ್ನು ತಡೆಹಿಡಿಯಬಹುದಾದ ಅವಧಿಗೆ ಮಿತಿಯಿದೆ. ಕೊನೆಯ ಮಾತು ವಿಧಾನಸಭೆಯದು.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಘಾಟಿಯ ತಿರುವುಗಳಲ್ಲಿ ಈ ವಿಜ್ಞಾನ ನಮ್ಮ ಕೈಯಲ್ಲೇ ಇದೆ. ಕಡಿದಾದ ಬೆಟ್ಟದ ರಸ್ತೆ ಇಬ್ಬರಿಗೆ ಸಾಲದಿದ್ದಲ್ಲಿ, ಇಳಿಯುವ ವಾಹನ ಹತ್ತುವ ವಾಹನಕ್ಕೆ ದಾರಿ ಬಿಡಬೇಕೆಂಬುದು ನಿಯಮ. ಏರಿನಲ್ಲಿ ನಿಂತ ವಾಹನವನ್ನು ಮತ್ತೆ ಎಬ್ಬಿಸುವುದು ಕಷ್ಟ ಎಂಬುದು ಒಂದು ಕಾರಣ. ಇಬ್ಬರಲ್ಲಿ ಯಾರು ಮೊದಲೆಂಬುದು ಮುಂಚೆಯೇ ತೀರ್ಮಾನವಾಗಿರುವುದು ಅದಕ್ಕಿಂತ ದೊಡ್ಡ ಲಾಭ. ಆದರೆ ನಿಂತ ಸಾಲನ್ನು ಬಿಟ್ಟು ಬಲಕ್ಕೆ ನುಗ್ಗುವ ಒಂದು ಕಾರು ಎದುರಿನವರ ದಾರಿ ಮುಚ್ಚುತ್ತದೆ. ಅದರ ಹಿಂದೆ ಇನ್ನೊಂದು ಬಂದರೆ ಹಿಂದೆ ಸರಿಯುವ ದಾರಿಯೂ ಮುಚ್ಚುತ್ತದೆ. ಇಂಥ ಗಂಟನ್ನು ಬಿಚ್ಚಲು ಪೊಲೀಸರು ಬರಬೇಕು, ಗಂಟೆಗಟ್ಟಲೆ ಕಾಯಬೇಕು, ನಡುವೆ ಸಿಕ್ಕಿದ ಆಂಬ್ಯುಲೆನ್ಸ್ ಕೂಡ ಕಾಯಬೇಕು. ಗಂಟು ಬೀಳದಂತೆ ನೋಡಿಕೊಳ್ಳಲು ಬೇಕಾದದ್ದು ಇಷ್ಟೇ: ನಮ್ಮ ಸಾಲಿನಲ್ಲಿ ನಾವು ನಿಲ್ಲುವುದು, ಎದುರಿನವರ ದಾರಿಯನ್ನು ಖಾಲಿ ಬಿಡುವುದು.