ತೋಪಿನ ಮಗ್ಗುಲ ಶಾಲೆ

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನೇರಿ ಸುತ್ತಲ ಬಯಲನ್ನು ಅವಲೋಕಿಸುವವರಿಗೆ, ತೆಂಗಿನ ತೋಟಗಳೂ ಕೆರೆಗಳೂ ಹೊಲಗಳೂ ಹೆಣೆದುಕೊಂಡ ಆ ವಿಸ್ತಾರದ ನಡುವೆ, ಊರಂಚಿನಲ್ಲಿ ಒತ್ತಾಗಿ ಗುಂಪುಗೂಡಿ ನಿಂತ ಹಳೆಯ ಮರಗಳು ಅಲ್ಲಲ್ಲಿ ಗೋಚರಿಸುತ್ತವೆ. ಇವೇ ಗುಂಡುತೋಪುಗಳು. ಯಾರೊಬ್ಬರ ಸ್ವತ್ತೂ ಆಗದೆ ಊರಿಗೆಲ್ಲ ಸೇರಿದ, ಕಂದಾಯದ ದಾಖಲೆಗಳಲ್ಲಿ ಇಂದಿಗೂ ಅದೇ ಹೆಸರಿನಿಂದ ನಮೂದಾಗುವ ಈ ತೋಪುಗಳನ್ನು ಹಳೆಯ ಮೈಸೂರು ಸೀಮೆಯ ಹಿರಿಯರು ಮಾವು, ಇಪ್ಪೆ, ಹುಣಸೆ, ನೇರಳೆ, ಹೊಂಗೆಗಳಿಂದ ಬೆಳೆಸಿ, ದಾರಿಹೋಕರಿಗೆ ನೆರಳನ್ನೂ ದನಕರುಗಳಿಗೆ ತಂಗುದಾಣವನ್ನೂ ಕಲ್ಪಿಸಿದರು. ಕಾಲಾಂತರದಲ್ಲಿ ಊರಿಗೆ ಶಾಲೆ ಬಂದಾಗ ಎಷ್ಟೋ ಕಡೆ ಅದಕ್ಕೂ ತೋಪಿನ ಮಗ್ಗುಲೇ ನೆಲೆಯಾಯಿತು.

ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಮಾರ್ಗವಾಗಿ ಅರಕಲಗೂಡಿನತ್ತ ಸಾಗುವವರು ಮೈದಾನದಿಂದ ಅರೆಮಲೆನಾಡಿಗೆ ಪ್ರವೇಶಿಸುತ್ತಾರೆ. ಒಣಭೂಮಿಯ ಬೇವು ಹೊಂಗೆಗಳು ಹಿಂದುಳಿದು, ಹೇಮಾವತಿಯ ದಡದಲ್ಲಿ ಹೊಳೆಮತ್ತಿಯೂ ನೇರಳೆಯೂ, ಇನ್ನೂ ಪಶ್ಚಿಮಕ್ಕೆ ಹಲಸೂ ನಂದಿಯೂ ಕಣ್ಣಿಗೆ ಬೀಳುತ್ತವೆ. ಆದುದರಿಂದ ಶಾಲೆಯ ವನಕ್ಕೆ ಇಂಥದೇ ಗಿಡವೆಂದು ಹಾಸನ ಜಿಲ್ಲೆಗೆಲ್ಲ ಒಂದೇ ಪಟ್ಟಿ ಬರೆದಿಡುವುದು ಯುಕ್ತವಲ್ಲ. ಅರಣ್ಯ ಇಲಾಖೆಯ 'ಮಗುವಿಗೊಂದು ಮರ, ಶಾಲೆಗೊಂದು ವನ' ಎಂಬ ಯೋಜನೆಯ ಆಶಯ ಸರ್ವಥಾ ಸ್ತುತ್ಯವಾದುದು. ಆದರೆ ಸಸಿಯನ್ನು ಆರಿಸುವ ಮುನ್ನ ಊರಿನ ತೋಪಿನಲ್ಲಿ ನೂರು ವರ್ಷ ಬಾಳಿದ ಮರ ಯಾವುದೆಂದು ಒಮ್ಮೆ ನೋಡಿಬರಬೇಕು.

ನೆಡುವುದಕ್ಕಿಂತ ಕಷ್ಟವಾದುದು, ಇರುವುದನ್ನು ಇರಗೊಡುವುದು. ತರಗೆಲೆಯನ್ನು ಗುಡಿಸಿ ಬೆಂಕಿಯಿಡುವುದೇ ಶುಚಿತ್ವವೆಂದು ನಾವು ಮಕ್ಕಳಿಗೆ ಕಲಿಸಿದ್ದೇವೆ. ಆ ತರಗಿನಡಿಯಲ್ಲಿ ಎರೆಹುಳು, ಸಹಸ್ರಪದಿ, ಗೆದ್ದಲುಗಳು ಮಣ್ಣನ್ನು ಹದಗೊಳಿಸುತ್ತಿದ್ದುದನ್ನೂ, ಅವನ್ನರಸಿ ಹರಟೆಮಲ್ಲ ಹಕ್ಕಿಗಳು ಹಿಂಡಾಗಿ ಎಲೆ ಕೆದಕುತ್ತಿದ್ದುದನ್ನೂ ತೋರಿಸಲಿಲ್ಲ. ಒಣಗಿದ ಕೊಂಬೆಯೂ ಹಾಗೆಯೇ. ಕುಟ್ರುಹಕ್ಕಿಯೂ ಮರಕುಟಿಗವೂ ಮೆತ್ತಗಾದ ಮರದಲ್ಲಿ ಪೊಟರೆ ಕೊರೆದು ಮರಿಮಾಡಿ ಬಿಟ್ಟುಹೋದ ಮೇಲೆ, ಸ್ವತಃ ಕೊರೆಯಲಾರದ ಗೊರವಂಕ, ಗಿಳಿ, ಹಾಲಕ್ಕಿಗಳು ಆ ಮನೆಯಲ್ಲಿ ಬಿಡಾರ ಹೂಡುತ್ತವೆ. ಮಕ್ಕಳು ಆಡುವ ಎಡೆಯ ಮೇಲೆ ಬಾಗಿದ ಒಣಕೊಂಬೆಯನ್ನು ನಿಸ್ಸಂಶಯವಾಗಿ ಕಡಿಯಬೇಕು. ದೂರದ ಮೂಲೆಯಲ್ಲಿರುವುದನ್ನು ಮುಟ್ಟಬಾರದು. ಬೇಲಿಗೆ ಹಬ್ಬಿದ ಲಂಟಾನವನ್ನು ಬೇರುಸಹಿತ ಕಿತ್ತೊಗೆಯುವುದು ಅವಶ್ಯವೇ ಸರಿ, ಆದರೆ ಅದರೊಳಗೆ ಗೂಡುಕಟ್ಟಿದ ಪಿಕಳಾರಗಳಿಗೆ ಬೇರೆ ಆಶ್ರಯವಿಲ್ಲದಂತೆ ಒಂದೇ ದಿನ ಬರಿದುಮಾಡದೆ, ತುಸುತುಸುವಾಗಿ ತೆಗೆಯುತ್ತ, ತೆರವಾದಲ್ಲಿ ಕವಳಿ, ಲಕ್ಕಿ, ಎಲಚಿಗಳನ್ನು ನೆಡುವುದು ಲೇಸು.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ದೇವರ ಮೀನೆಂಬ ಭಕ್ತಿಯೇ ಅಲ್ಲಿ ಕಾವಲು. ಗುಂಡುತೋಪಿಗೆ ಅಂಥ ರಕ್ಷೆಯಿಲ್ಲ. ಅದನ್ನು ಕಾಯಬಲ್ಲವರು ದಿನವೂ ಅದರ ನೆರಳಿನಲ್ಲಿ ನಡೆದುಬರುವ ಮಕ್ಕಳೇ ಎಂಬುದು ನನ್ನ ದೃಢವಾದ ನಂಬುಗೆ. ನೆರೆಯ ತುಮಕೂರು ಜಿಲ್ಲೆಯ ನಾಗವಲ್ಲಿಯಲ್ಲಿ ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿಗಳು ಅಧ್ಯಾಪಕರೊಡಗೂಡಿ ತಮ್ಮೂರಿನ ಕಾಡುಪಾಪವನ್ನು ಅಭ್ಯಸಿಸಿದರು. ಆ ದೊಡ್ಡ ಕಣ್ಣುಗಳ ನಿಶಾಚರಿಯನ್ನು ಅಪಶಕುನವೆಂದು ಭಾವಿಸುತ್ತಿದ್ದ ನಾಡಿನಲ್ಲಿ ಇದು ಅಲ್ಪವಾದ ಕಾರ್ಯವಲ್ಲ. ನಮ್ಮ ಶಾಲೆಗಳಲ್ಲಿಯೂ ಹೊಂಗೆ ಎಲೆಯುದುರಿ ಚಿಗುರುವ ದಿನ, ಕೋಗಿಲೆ ಮೊದಲು ಕೂಗಿದ ದಿನ ಇವನ್ನು ವರ್ಷವರ್ಷವೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಹತ್ತು ವರ್ಷಗಳಲ್ಲಿ ಅದು ಊರಿನ ಅಮೂಲ್ಯವಾದ ಪಂಚಾಂಗವಾದೀತು.

ವನ ಬೆಳೆಸುವ ಕೆಲಸಕ್ಕೆ ಇಪ್ಪೆಯಿಂದ ಮೊದಲಿಡಬಹುದು. ಇರುಳಿನಲ್ಲಿ ಬಾವಲಿಗಳು ಬಂದು ಅದರ ಸಿಹಿಯಾದ ದಪ್ಪ ಹೂಗಳನ್ನು ತಿನ್ನುತ್ತವೆ, ಹಣ್ಣನ್ನೊಯ್ದು ಬೀಜವನ್ನು ದೂರ ಚೆಲ್ಲುತ್ತವೆ. ಹಿಂದೆ ಹಳ್ಳಿಯ ದೀಪಕ್ಕೆ ಎಣ್ಣೆಯಾದ ಅದೇ ಬೀಜ, ಹೊಂಗೆ ಬೇವುಗಳೊಡನೆ, ಹಾಸನದ ಬಳಿಯ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಇಂದು ಅಧ್ಯಯನದ ವಸ್ತುವಾಗಿದೆ. ಬೇಸಗೆಯ ರಜೆ ಮುಗಿದು ಶಾಲೆಯ ಗಂಟೆ ಬಾರಿಸುವ ಮುಂಗಾರಿನ ಹೊತ್ತಿಗೆ ಇಪ್ಪೆಯ ಬೀಜ ನೆಲಕ್ಕುದುರುತ್ತದೆ. ಕೂಡಿಟ್ಟರೆ ಬಹುಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ, ಆಯ್ದ ವಾರದಲ್ಲಿಯೇ ಹಸಿಮಣ್ಣಿನಲ್ಲಿ ಊರಬೇಕು.