ನೆರೆ ಬಂದಾಗ ನೌಕರನಿಗೆ ಸಂಬಳದ ರಜೆ: ನಮಗೇನು ಲಾಭ?



ಹೊಳೆ ಏರಿ ಊರೊಳಗೆ ನುಗ್ಗಿದ ರಾತ್ರಿ ಮೊದಲು ಬೇಕಾಗುವುದು ಹಗ್ಗ ಹಿಡಿಯಬಲ್ಲ ಕೈ. ಪರಿಹಾರದ ಹಣದ ಮಾತು ಆಮೇಲಿನದು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕದವರು, 2018ರ ಆಗಸ್ಟಿನಲ್ಲಿ ಕೊಡಗಿನವರು, ಮರುವರ್ಷ ಅದೇ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದವರು ಇದನ್ನು ಕಣ್ಣಾರೆ ಕಂಡಿದ್ದಾರೆ. ದೂರದಿಂದ ಪಡೆ ಬರಲು ಹೊತ್ತು ಹಿಡಿಯುತ್ತದೆ. ಅಲ್ಲಿಯತನಕ ಹತ್ತಿರದಲ್ಲೇ ಇರುವ, ತರಬೇತಿ ಪಡೆದ ಸ್ವಯಂಸೇವಕರೇ ಗತಿ. ಇವರಲ್ಲಿ ಕೆಲವರು ಸರ್ಕಾರಿ ನೌಕರರು. ಕೈಲಿದ್ದ ಕೆಲಸ ಬಿಟ್ಟು ನಿಮ್ಮೂರಿಗೆ ಓಡಿಬಂದರೆ ಅವರ ಆ ದಿನಗಳ ಸಂಬಳ ಏನಾಗಬೇಕು?

ತಹಶೀಲ್ದಾರರು, ಗ್ರಾಮ ಆಡಳಿತಾಧಿಕಾರಿ (ಹಳಬರ ಬಾಯಲ್ಲಿ ಇನ್ನೂ ಶ್ಯಾನುಭೋಗರು, ತಲಾಟಿ) ಇವರಿಗೆಲ್ಲ ನೆರೆಯ ಕೆಲಸ ಹುದ್ದೆಯ ಕರ್ತವ್ಯವೇ. ಅವರ ಮಾತು ಇಲ್ಲಿ ಬೇಡ. ಅಂಚೆ ಕಚೇರಿಯ ಗುಮಾಸ್ತನೋ ಲೆಕ್ಕಪತ್ರ ಕಚೇರಿಯ ನೌಕರನೋ ತಾನಾಗಿ ಗೃಹರಕ್ಷಕ ದಳ ಸೇರಿದ್ದರೆ ಅವನ ಪಾಡೇನು ಎಂಬುದು ಪ್ರಶ್ನೆ.

ಕೇಂದ್ರ ಸರ್ಕಾರದ ನಿಯಮ ಇದಕ್ಕೆ ಉತ್ತರ ಕೊಟ್ಟಿದೆ. ನೌಕರನನ್ನು ದಳದ ತರಬೇತಿಗೋ ಕರ್ತವ್ಯಕ್ಕೋ ಕಚೇರಿ ವೇಳೆಯಲ್ಲಿ ಕರೆದರೆ, ಆ ಗೈರುಹಾಜರಿಯನ್ನು ವಿಶೇಷ ಸಾಂದರ್ಭಿಕ ರಜೆ ಎಂದು ಎಣಿಸಬೇಕು. ಸಂಬಳ ಕಡಿತವಿಲ್ಲ. ವರ್ಷದ ಸಾಮಾನ್ಯ ಸಾಂದರ್ಭಿಕ ರಜೆಯಿಂದಲೂ ಕಳೆಯುವಂತಿಲ್ಲ. ದಳ ಕೊಡುವ ಭತ್ಯೆಯನ್ನು ಸಂಬಳದ ಜೊತೆಗೇ ಪಡೆಯಬಹುದು. ರಾಜ್ಯದ ನೌಕರರು ತಮ್ಮ ಸೇವಾ ನಿಯಮವನ್ನು ಆಡಳಿತ ಶಾಖೆಯಲ್ಲಿ ಕೇಳಿ ತಿಳಿಯಬೇಕು.

ಗೃಹರಕ್ಷಕ ದಳವೆಂದರೆ ಹಬ್ಬ, ಚುನಾವಣೆಯ ಬಂದೋಬಸ್ತಿನಲ್ಲಿ ನಿಲ್ಲುವ ಖಾಕಿಯವರು ಎಂದಷ್ಟೇ ನಮ್ಮಲ್ಲಿ ಬಹಳ ಮಂದಿಯ ತಿಳಿವಳಿಕೆ. 1946ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ಹುಟ್ಟಿದ ದಳ ಇದು. 1962ರ ಚೀನಾ ಆಕ್ರಮಣದ ಕಾಲಕ್ಕೆ ಬೇರೆ ರಾಜ್ಯಗಳಿಗೂ ಹಬ್ಬಿತು. ನಮ್ಮ ಮೈಸೂರು ರಾಜ್ಯದ ಕಾಯ್ದೆಯೂ ಅದೇ ವರ್ಷದ್ದು. ನೆರೆ, ಬೆಂಕಿ ಅನಾಹುತಗಳಲ್ಲಿ ನೆರವಾಗುವುದೂ ಅವರ ಕೆಲಸವೇ. 1968ರ ನಾಗರಿಕ ರಕ್ಷಣಾ ಕಾಯ್ದೆ ಮೊದಲು ಯುದ್ಧಕಾಲದ ಚಿಂತೆಯದಾಗಿತ್ತು. 2009ರ ತಿದ್ದುಪಡಿಯಿಂದ ವಿಪತ್ತು ನಿರ್ವಹಣೆಯೂ ಅದರೊಳಗೆ ಸೇರಿತು.

ಹೊರದೇಶದ ಮಾತನ್ನೂ ನೋಡಿ. 1992ರ ಆಗಸ್ಟಿನಲ್ಲಿ ಆಂಡ್ರ್ಯೂ ಚಂಡಮಾರುತ ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಗೆ ಅಪ್ಪಳಿಸಿತು. ಹೋಮ್‌ಸ್ಟೆಡ್ ಪಟ್ಟಣವೂ ಸುತ್ತಲಿನ ಬೆಣ್ಣೆಹಣ್ಣಿನ ತೋಟಗಳೂ ಅದಕ್ಕೆ ತುತ್ತಾದವು. ಇಂಥ ಗಾಳಿಗೆ ಮತ್ತೆ ಮತ್ತೆ ಸಿಗುವ ಆ ರಾಜ್ಯದಲ್ಲಿ, ರೆಡ್ ಕ್ರಾಸ್ ಸಂಸ್ಥೆಯ ಅರ್ಹತಾ ಪತ್ರ ಪಡೆದ ಸರ್ಕಾರಿ ನೌಕರನಿಗೆ 12 ತಿಂಗಳಲ್ಲಿ 15 ಕೆಲಸದ ದಿನಗಳವರೆಗೆ ಸಂಬಳದ ರಜೆ ಕೊಡಬಹುದೆಂಬ ಕಾನೂನಿದೆ. ಇಲಿನಾಯ್ ರಾಜ್ಯದಲ್ಲಿ ಇದು 20 ದಿನ. ಆದರೆ ಸುಮ್ಮನೆ ಹೊರಟವನಿಗೆ ಇದು ದಕ್ಕದು. ರೆಡ್ ಕ್ರಾಸ್ ಕರೆಯಬೇಕು, ಇಲಾಖೆ ಒಪ್ಪಬೇಕು.

ಈ ಕಟ್ಟುನಿಟ್ಟು ಸರಿಯೆಂದೇ ನಮ್ಮ ಅಭಿಪ್ರಾಯ. ಈಜು ಬಾರದವನು ಉತ್ಸಾಹದಿಂದ ನೀರಿಗಿಳಿದರೆ ರಕ್ಷಿಸಬೇಕಾದವರ ಲೆಕ್ಕಕ್ಕೆ ಇನ್ನೊಬ್ಬ ಸೇರುತ್ತಾನೆ. ನೆರೆ ನೋಡಲು ಹೋಗಿ ಫೋಟೋ ತೆಗೆಸಿಕೊಂಡು ಬರುವವರಿಗೆ ಸಂಬಳದ ರಜೆ ಯಾಕೆ ಕೊಡಬೇಕು ಹೇಳಿ!

ಇದಕ್ಕೊಂದು ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಗುಮಾಸ್ತ ಹತ್ತು ದಿನ ನೆರೆಯೂರಿನಲ್ಲಿದ್ದರೆ ಇತ್ತ ನಿಮ್ಮ ಕಾಗದ ಹತ್ತು ದಿನ ಕಟ್ಟಿನಲ್ಲೇ ಮಲಗುತ್ತದೆ. ಬದಲಿಗೆ ಒಬ್ಬರನ್ನು ನೇಮಿಸಿ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ. ಆದರೆ ಅವನು ಹೋದದ್ದೇ ತಪ್ಪೆಂದು ಕಚೇರಿಯ ಬಾಗಿಲಲ್ಲಿ ಕೂಗಾಡಬೇಡಿ. ಮೇಲಧಿಕಾರಿ ಮುಂದಿನ ಸಲ ರಜೆ ನಿರಾಕರಿಸಲು ಅಷ್ಟು ನೆಪ ಸಾಕು.

ನಿಮ್ಮ ಮಗನೋ ಮಗಳೋ ಸರ್ಕಾರಿ ನೌಕರಿಯಲ್ಲಿದ್ದು ಈ ಕೆಲಸಕ್ಕೆ ಮನಸ್ಸಿದ್ದರೆ, ಜಿಲ್ಲಾ ಗೃಹರಕ್ಷಕ ದಳದ ಸಮಾದೇಷ್ಟರ ಕಚೇರಿಯಲ್ಲಿ ವಿಚಾರಿಸಲಿ. ಸೇರುವ ಮೊದಲು ಇಲಾಖೆಯ ಅನುಮತಿಯನ್ನು ಬರಹದಲ್ಲೇ ಪಡೆಯಲಿ. ಕರೆ ಬಂದಾಗ ದಳದ ಪತ್ರದ ಪ್ರತಿಯನ್ನು ಕಚೇರಿಗೆ ಕೊಟ್ಟು ಹೊರಡಲಿ, ಮುಗಿದ ಮೇಲೆ ಎಷ್ಟು ದಿನ ಕೆಲಸ ಮಾಡಿದರೆಂಬ ಪ್ರಮಾಣಪತ್ರ ತರಲಿ. ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬಂತೆ ಮಳೆಗಾಲದ ನಡುವೆ ಅರ್ಜಿ ಹಿಡಿದು ಓಡಿದರೆ ಪ್ರಯೋಜನವಿಲ್ಲ. ತರಬೇತಿ ಬೇಸಿಗೆಯೊಳಗೇ ಮುಗಿದಿರಬೇಕು.

ಹಾಗೆ ಬಂದ ಸ್ವಯಂಸೇವಕನಿಗೆ ನಿಮ್ಮೂರು ಹೊಸದು. ನೀರು ತುಂಬಿದ ಮೇಲೆ ತೆರೆದ ಬಾವಿ ಯಾವುದು, ಕೃಷಿಹೊಂಡ ಎಲ್ಲಿದೆ ಎಂಬುದು ಅವನಿಗೆ ಕಾಣದು. ಬಾವಿಯ ಜಾಗಕ್ಕೆ ಎತ್ತರದ ಗಳ ನೆಟ್ಟು ಕೆಂಪು ಬಟ್ಟೆ ಕಟ್ಟಿಡಿ. ಹಾಸಿಗೆ ಹಿಡಿದವರು, ಬಾಣಂತಿಯರು ಇರುವ ಮನೆಗಳ ಪಟ್ಟಿ ಪಂಚಾಯಿತಿಯಲ್ಲಿರಲಿ. ದನಕರುಗಳ ಕಣ್ಣಿ ಬಿಚ್ಚುವ ಕೆಲಸವನ್ನು ಮಾತ್ರ ಅವನಿಗೆ ಬಿಡದೆ ನೀರು ಹೊಸ್ತಿಲಿಗೆ ಬರುವ ಮುನ್ನ ನೀವೇ ಮಾಡಿ ಮುಗಿಸಿರಿ.