ಪಿಕಪ್ ನಿಲ್ಲುವುದು ಘಾಟಿನಲ್ಲಿ, ಕೆಡುವುದು ಮನೆಮುಂದೆ!

ಬೆಳಗಾವಿಯ ಕಾಯಿಪಲ್ಲೆ ಗೋವೆಗೆ ಹೋಗಬೇಕು. ಖಾನಾಪುರದ ಹೆಂಚು, ಇಟ್ಟಿಗೆ ಬೆಳಗಾವಿಗೆ ಬರಬೇಕು. ಎರಡಕ್ಕೂ ಈಗ ಡೀಸೆಲ್ ಪಿಕಪ್ಪೇ ಗತಿ. ಅದು ಜಾಂಬೋಟಿ ದಾಟಿ ಕಾಡಿನ ನಡುವೆ ಕೆಟ್ಟು ನಿಂತಿತೋ, ಕೊತ್ತಂಬರಿ ಬಾಡಿತು, ಬಾಡಿಗೆ ಹೋಯಿತು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಹಿಂದೆ ಸಿಕ್ಕಿಬಿದ್ದ ಬಸ್ಸಿನ ಮಂದಿಗೂ ಅಂದಿನ ಕೆಲಸ ತಡ.

‘ಗಾಡೀನ ಸರಿ ಇಲ್ಲ ಬಿಡ್ರಿ’ ಎಂದು ಕಂಪನಿಯನ್ನು ಬೈಯುವುದು ಸುಲಭ. ಆದರೆ ದೊಡ್ಡ ರಿಪೇರಿಯ ಬುಡ ಹುಡುಕುತ್ತ ಹೋದರೆ ಬಹಳ ಸಲ ಸಿಗುವುದು ಸಣ್ಣದೊಂದು ಅಸಡ್ಡೆ.

ಏರ್ ಹಿಡದೈತಿ!

ಸೆಲ್ಫ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಟಾಕಿ ಬರಿದಾದರೆ, ಪೈಪು ಸೀಳಿದರೆ, ಕ್ಲಿಪ್ಪು ಸಡಿಲಾದರೆ, ಫಿಲ್ಟರಿನ ವಾಷರ್ ಸವೆದರೆ ಡೀಸೆಲ್ ಜೊತೆ ಗಾಳಿ ಸೇರುತ್ತದೆ. ಕೈಪಂಪ್ ಇರುವ ಗಾಡಿಯಲ್ಲಿ ಫಿಲ್ಟರಿನ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವತನಕ ಒತ್ತಬೇಕು. ನಾಳೆ ಮತ್ತೆ ಏರ್ ಹಿಡಿದರೆ ಪಂಪ್ ಒತ್ತುತ್ತ ಕೂರುವುದಲ್ಲ. ಸೋರುವ ಜಾಗ ಹುಡುಕಿ ಪೈಪು, ವಾಷರ್ ಬದಲಿಸಬೇಕು.

ಇನ್ನೊಂದು ಶತ್ರು ನೀರು. ಖಾನಾಪುರದ ಮಳೆಗಾಲದಲ್ಲಿ ಅರ್ಧ ಟಾಕಿಯ ಗಾಡಿ ರಾತ್ರಿಯಿಡೀ ಹೊರಗೆ ನಿಂತರೆ ಒಳಗಿನ ಹಸಿ ಗಾಳಿ ತಣಿದು ಹನಿಯಾಗುತ್ತದೆ. ಡೀಸೆಲ್‌ಗಿಂತ ಭಾರವಾದ ನೀರು ತಳಕ್ಕಿಳಿದು ಫಿಲ್ಟರಿಗೆ ಬರುತ್ತದೆ. ಫಿಲ್ಟರಿನ ಬುಡದ ಸ್ಕ್ರೂ ತಿರುಗಿಸಿ ಅದನ್ನು ಚೆಲ್ಲಲು ಐದು ನಿಮಿಷ ಸಾಕು, ಖರ್ಚಿಲ್ಲ. ಚೆಲ್ಲದೆ ಬಿಟ್ಟರೆ ಪಂಪು, ಇಂಜೆಕ್ಟರು ತುಕ್ಕು ಹಿಡಿಯುತ್ತವೆ. ಆಗ ಹೋಗುವುದು ಸಾವಿರಗಟ್ಟಲೆ ರೂಪಾಯಿ. ಸಂಜೆಯೇ ಟಾಕಿ ತುಂಬಿಸಿ ನಿಲ್ಲಿಸುವುದು ಜಾಣತನ.

ಈಗಿನ ಯಂತ್ರದ ಮರ್ಜಿ

1986ರಲ್ಲಿ ಟಾಟಾ 407 ಬಂದ ಕಾಲದಲ್ಲಿ ಮಿಸ್ತ್ರಿ ರಸ್ತೆ ಬದಿಯಲ್ಲೇ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಎಂದು ಹೇಳುತ್ತಿದ್ದ. ಈಗಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಆ ಕೈಚಳಕ ನಡೆಯದು. ಅದರ ಪೈಪಿನಲ್ಲಿ ಡೀಸೆಲ್ ಒತ್ತಡ 1,000 ಬಾರ್ ದಾಟುತ್ತದೆ. ಎಂಜಿನ್ ಓಡುವಾಗ ಪೈಪು ಬಿಚ್ಚಿದರೆ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋದೀತು. ಇದು ಸ್ಕ್ಯಾನರ್ ಇದ್ದ ಮಿಸ್ತ್ರಿಯ ಕೆಲಸ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿಯನ್ನು ದಿನವೆಲ್ಲ ಖಡೇಬಜಾರ, ರವಿವಾರ ಪೇಟೆಯ ಸಂದಣಿಯಲ್ಲೇ ಓಡಿಸಿದರೆ ಮಸಿ ಸುಡುವಷ್ಟು ಬಿಸಿ ಬಾರದು. ದೀಪ ಹತ್ತಿದರೆ ಅಸಡ್ಡೆ ಬೇಡ. ಗಾಡಿಯ ಪುಸ್ತಕ ಹೇಳಿದಂತೆ ತೆರವಾದ ರಸ್ತೆಯಲ್ಲಿ ಒಂದೇ ಓಟ ಓಡಿಸಬೇಕು.

ಹೊಗೆ ಹೇಳುವ ಕಥೆ

ಕರಿ ಹೊಗೆ ಎಂದರೆ ಗಾಳಿ ಸಾಲದು, ಇಲ್ಲವೇ ಡೀಸೆಲ್ ಜಾಸ್ತಿ. ಮೊದಲು ನೋಡಬೇಕಾದ್ದು ಏರ್ ಫಿಲ್ಟರ್. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಗುಮಾನಿ. ಕಾದ ರೇಡಿಯೇಟರಿನ ಮುಚ್ಚಳ ಮಾತ್ರ ತೆಗೆಯಬಾರದು, ಮುಖ ಸುಟ್ಟೀತು.

ಹಳ್ಳದ ನೀರಲ್ಲಿ ಎಂಜಿನ್ ಬಂದ್ ಬಿತ್ತೆ? ಮತ್ತೆ ಸೆಲ್ಫ್ ಹೊಡೆಯಬೇಡಿ. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಸಿಲಿಂಡರಿನೊಳಗೆ ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗಾಡಿ ಎಳೆಸಿ ತರುವುದೇ ಅಗ್ಗ.

ಹೇರಿನ ಆಸೆ

ಪಿಕಪ್ಪಿನ ಕ್ಲಚ್ ಪ್ಲೇಟ್, ಪಾಟಾ, ಬ್ರೇಕು ಬೇಗ ಸವೆಯಲು ಮುಖ್ಯ ಕಾರಣ ಅತಿಹೇರು. ‘ಇನ್ನೊಂದ್ ನಾಕ್ ಚೀಲ ಹಾಕೋ ತಮ್ಮಾ’ ಎನ್ನುವ ಅಂಗಡಿ ಸಾಹುಕಾರರಿಗೂ ಇದರಲ್ಲಿ ಪಾಲಿದೆ. ಒಂದು ಟ್ರಿಪ್ಪಿನ ಬಾಡಿಗೆ ಉಳಿಯುತ್ತದೆ ನಿಜ. 2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಅತಿಹೇರಿಗೆ ಬರೆದಿರುವ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟವನೂ ಹೊಣೆಗಾರ.

ದಂಡಕ್ಕಿಂತ ದೊಡ್ಡದು ಜೀವ. ಡೀಸೆಲ್ ಉಳಿಸಲೆಂದು ಚೋರ್ಲಾ ಘಾಟಿನಲ್ಲಿ ನ್ಯೂಟ್ರಲ್ ಮಾಡಿ ಇಳಿಯುವ ಚಾಲಕರಿದ್ದಾರೆ. ಉಳಿಯುವುದು ಏನೂ ಇಲ್ಲ. ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದರೆ ಎಂಜಿನ್ ತಾನೇ ಡೀಸೆಲ್ ತಡೆಯುತ್ತದೆ, ಗಾಡಿಯನ್ನೂ ಹಿಡಿಯುತ್ತದೆ. ನ್ಯೂಟ್ರಲ್‌ನಲ್ಲಿ ಭಾರವೆಲ್ಲ ಬ್ರೇಕಿನ ಮೇಲೆ. ಅದು ಕಾದು ಹಿಡಿತ ಬಿಟ್ಟರೆ ಕೆಳಗೆ ಕಣಿವೆ. ಎಂಜಿನ್ನೇ ಬಂದ್ ಮಾಡಿದರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟಿಯರಿಂಗ್ ಕೂಡ ಬಿಗಿಯಾಗುತ್ತದೆ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬ ಹಳೇ ಚಾಲಕರ ಪಾಠ ಇಂದಿಗೂ ಸರಿ.

ಬೆಳಿಗ್ಗೆ ಹೊರಡುವ ಮುನ್ನ ಆಯಿಲ್, ರೇಡಿಯೇಟರ್ ನೀರು, ಫ್ಯಾನ್ ಬೆಲ್ಟ್, ಟಾಯರ್, ಬ್ರೇಕ್ ಆಯಿಲ್ ನೋಡಲು ಹಿಡಿಯುವುದು ಒಂದು ಚಹಾ ಕುಡಿಯುವಷ್ಟು ಹೊತ್ತು. ಚಾಲಕ ಅಷ್ಟು ಹೊತ್ತು ಬಾನೆಟ್ ಎತ್ತಿ ನಿಂತಿದ್ದರೆ, ಮಾಲಿನ ಮಾಲೀಕರು ‘ಯಾಕೋ ತಡ?’ ಎಂದು ಗದರದೆ ಇರಲಿ. ಅವರ ಮಾಲೂ ಆ ಗಾಡಿಯಲ್ಲೇ ಹೋಗಬೇಕಲ್ಲ!